ಬೀದಿ ಕೂಗಿದ ಬೆಲೆ

ಕೊಳ್ಳುವವರಿಗೆ ಮನೆ ತೋರಿಸುವಾಗ ನಾನು ಮೊದಲು ಕರೆದೊಯ್ಯುತ್ತಿದ್ದುದು ಹಿತ್ತಲಿಗೆ. ಅರಸೀಕೆರೆಯಲ್ಲಿ ಮನೆಯ ಬೆಲೆ ನಿಂತಿರುವುದೇ ನೀರಿನ ಮೇಲೆ. ಪುರಸಭೆಯ ನಲ್ಲಿ ಇದೆಯೇ, ತೊಟ್ಟಿ ಎಷ್ಟು ಆಳ, ಬೋರಿನ ನೀರಿನಲ್ಲಿ ಬೇಳೆ ಬೇಯುತ್ತದೆಯೇ ಎಂದು ಗೊತ್ತಾದ ಮೇಲೆಯೇ ಜನ ಉಳಿದದ್ದನ್ನು ನೋಡುತ್ತಿದ್ದರು. ಆ ಭಾನುವಾರ ಬಂದ ಟೀಚರು ಮಾತ್ರ ಮೊದಲು ತಾರಸಿ ಹತ್ತಿದರು. ಒಂದು ಕೊಡ ನೀರು ಕೇಳಿ ಇಸಿದುಕೊಂಡು ನೆಲದ ಮೇಲೆ ಸುರಿದರು. ಅದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ನಿಂತರು. ಆಮೇಲೆ ತಲೆಯೆತ್ತಿ ದೂರದ ಮಾಲೇಕಲ್ಲು ಬೆಟ್ಟವನ್ನೂ ಹತ್ತಿರದ ರೈಲು ಹಳಿಗಳನ್ನೂ ನೋಡಿದರು. ಕೆಳಗಿಳಿಯುವ ಹೊತ್ತಿಗೆ ಮನೆ ಅವರ ಮನಸ್ಸಿಗೆ ಬಂದಿದೆ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅದನ್ನು ಮನೆಯೊಡತಿಯ ಮುಂದೆ ತೋರಿಸಿಕೊಳ್ಳಬೇಡಿ, ಬೆಲೆ ಇಳಿಯುವುದಿಲ್ಲ ಎಂದು ಮೆಟ್ಟಿಲ ಮೇಲೆಯೇ ಪಿಸುಗುಟ್ಟಿದೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕಿತ್ತು. ಮಂಡಿಯವರ ಹಣವೆಲ್ಲ ಮನೆ ಮತ್ತು ಸೈಟುಗಳ ಮೇಲೆ ಬೀಳುತ್ತಿತ್ತು. ಬೆಳಿಗ್ಗೆ ಹೇಳಿದ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತ, ಅದರ ಜೊತೆಗೆ ಮನೆ ವ್ಯಾಪಾರ ಕುದುರಿಸುತ್ತಿದ್ದೆ. ಅಳತೆ ಕೊಡಲು ಬರುವ ಹೆಂಗಸರಿಂದ ಯಾರ ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಗಂಡಸು ದಲ್ಲಾಳಿಗಳಿಗಿಂತ ಮೊದಲು ನನಗೆ ಮುಟ್ಟುತ್ತಿತ್ತು.

ಯಾರೇ ಮನೆ ಕೇಳಿಕೊಂಡು ಬಂದರೂ ಎಷ್ಟರೊಳಗೆ ಬೇಕು, ಬ್ಯಾಂಕ್ ಸಾಲವೋ ಕೈಗಂಟೋ ಎಂದು ಕೇಳಿ, ಕೊನೆಗೆ ನಗುನಗುತ್ತ, ಯೋಗಕ್ಷೇಮ ವಿಚಾರಿಸಿದ ಹಾಗೆ, ಯಾವ ಪೈಕಿ ಎಂದು ಕೇಳುತ್ತಿದ್ದೆ. ಅದಿಲ್ಲದೆ ಯಾವ ಬೀದಿಗೆ ಯಾರನ್ನು ಕರೆದೊಯ್ಯಬೇಕೆಂದು ತಿಳಿಯುವುದು ಹೇಗೆ? ಟೀಚರನ್ನೂ ಹಾಗೇ ಕೇಳಿದ್ದೆ. ಹೆಚ್ಚಿನವರು ಆ ಪ್ರಶ್ನೆಗೆ ಊರಿನ ಹೆಸರು ಹೇಳಿ ಜಾರಿಕೊಳ್ಳುತ್ತಿದ್ದರು. ಇವರು ಜಾರಲಿಲ್ಲ.

“ಬೌದ್ಧರು. ನಮ್ಮ ತಾತನ ಮನೆ ಊರಾಚೆ ಕೇರೀಲಿತ್ತು. ನೀವು ಕೇಳಿದ್ದು ಇದನ್ನೇ ಅಲ್ವಾ?” ಅಂದರು.

ನಾನು ತಲೆಯಾಡಿಸಿ ಬೇರೆ ಮಾತು ತೆಗೆದೆ. ಅವರು ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದರು, ದಿನಾ ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಓಡಾಡುತ್ತಿದ್ದರು. ಗಂಡ ಇಲ್ಲಿನ ಜಂಕ್ಷನ್ನಿನಲ್ಲಿ ಸಿಗ್ನಲ್ ಕೆಲಸ ಮಾಡುತ್ತಿದ್ದರು. ಅತ್ತೆ, ಒಬ್ಬಳು ಮಗಳು, ಸೋರುವ ರೈಲ್ವೆ ಕ್ವಾರ್ಟರ್ಸು. ಗಂಡ ಹೆಂಡತಿ ಇಬ್ಬರಿಗೂ ಸಂಬಳವಿದ್ದುದರಿಂದ ಬ್ಯಾಂಕ್ ಸಾಲಕ್ಕೆ ತೊಂದರೆ ಇರಲಿಲ್ಲ.

ಮನೆಯೊಡತಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ವಿಧವೆ. ಅವರ ತವರು ಹಗರೆ. ಅಲ್ಲಿ ಅಣ್ಣನ ಹೊಲಕ್ಕೆ ತಾಗಿಕೊಂಡಿದ್ದ ತುಂಡು ಜಮೀನು ಮಾರಾಟಕ್ಕೆ ಬಂದಿತ್ತು. ಅದನ್ನು ಕೊಂಡು, ಹಸು ಕಟ್ಟಿ, ಡೇರಿಗೆ ಹಾಲು ಹಾಕಿಕೊಂಡಿರಬೇಕೆಂಬುದು ಅವರ ಆಸೆ. ಜಮೀನಿನವರು ಬಹಳ ದಿನ ಕಾಯುವುದಿಲ್ಲ ಎಂದಿದ್ದರು. ಕೊಳ್ಳುವವರು ಯಾರು ಎಂದು ಅವರು ಕೇಳಿದಾಗ, ಟೀಚರು, ಗಂಡ ರೈಲ್ವೆ, ಗುಣವಂತ ಜನ ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ಸುತ್ತು ಮಾತಾಡಿ ಬೆಲೆ ಕುದುರಿತು. ವೀಳ್ಯದೆಲೆಯ ಮೇಲೆ ಮುಂಗಡ ಇಟ್ಟು ಕೊಟ್ಟದ್ದೂ ಆಯಿತು.

ಅಲ್ಲಿಂದ ಮುಂದಿನದು ನನ್ನ ಕೆಲಸ. ಛಾಪಾ ಕಾಗದದ ಮೇಲೆ ಕ್ರಯದ ಕರಾರು ಬರೆಸಬೇಕು. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರದ ಪತ್ರ ತೆಗೆಸಬೇಕು, ಪುರಸಭೆಯಿಂದ ಖಾತೆ ನಕಲು ತರಬೇಕು. ಅವನ್ನು ನೋಡಿ ಬ್ಯಾಂಕಿನ ವಕೀಲರು ಸರಿ ಅನ್ನಬೇಕು. ಆಮೇಲೆ ಬ್ಯಾಂಕಿನ ಇಂಜಿನಿಯರ್ ಬಂದು ಅಳತೆ ಹಿಡಿದು ಬೆಲೆ ಕಟ್ಟುತ್ತಾರೆ. ಸಾಲ ಸಿಗುವುದು ಅವರು ಕಟ್ಟಿದ ಬೆಲೆಯ ಮೇಲೆ. ಬಾಯಿಮಾತಿನ ಬೆಲೆ ಎಷ್ಟೇ ಏರಿದರೂ ಸಾಲ ಏರುವುದಿಲ್ಲ. ಏರಿದ್ದನ್ನು ಕೊಳ್ಳುವವರು ಕೈಯಿಂದ ಹಾಕಬೇಕು. ಇವುಗಳಲ್ಲಿ ಮೊಟ್ಟಮೊದಲು ಆಗಬೇಕಾದದ್ದು ಕರಾರು. ಅದಕ್ಕೆ ಸಹಿ ಬೀಳುವ ತನಕ ಮುಂಗಡಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಹಿಂದೆ ಸರಿಯಬಹುದು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಬ್ಯಾಂಕಿನ ಇಂಜಿನಿಯರ್ ಬೇರೆ ಊರಿನವರು. ನಮ್ಮ ಕಡೆ ಬಂದ ದಿನವೇ ಕರಾರಿಗೂ ಕಾಯದೆ ಅಳತೆ ಹಿಡಿಯಲು ಬಂದರು. ಟೀಚರ ಅತ್ತೆಯೂ ಮನೆ ನೋಡಲು ಬಂದಿದ್ದರು. ಒಳಗೆ ಟೇಪು ಹಿಡಿದಿದ್ದಾಗ ಅವರು ಗೇಟಿನ ಬಳಿ ಅಕ್ಕಪಕ್ಕದ ಹೆಂಗಸರ ಜೊತೆ ಮಾತಿಗೆ ನಿಂತರು. ಗೃಹಪ್ರವೇಶಕ್ಕೆ ಯಾವ ಪುರೋಹಿತರನ್ನು ಕರೆಸುತ್ತೀರಿ ಎಂದು ಯಾರೋ ಕೇಳಿದ್ದಾರೆ. ನಮ್ಮಲ್ಲಿ ಹೋಮಗೀಮ ಇಲ್ಲ, ಬುದ್ಧವಂದನೆ ಮಾಡಿ ಹಾಲುಕ್ಕಿಸುತ್ತೇವೆ ಎಂದು ಆ ತಾಯಿ ಸಂತೋಷವಾಗಿ ಹೇಳಿದ್ದಾರೆ. ಸಂಜೆಯ ಹೊತ್ತಿಗೆ ಎದುರುಮನೆಯ ಸಾಹುಕಾರರಿಂದ ನನಗೆ ಕರೆ ಬಂತು.

ಸಾಹುಕಾರರದ್ದು ಕೊಬ್ಬರಿ ಮಂಡಿ. ಬೀದಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಅವರ ಮನೆಯವರ ರವಿಕೆಗಳೆಲ್ಲ ನನ್ನ ಬಳಿಯೇ ಹೊಲಿಗೆಗೆ ಬರುತ್ತಿದ್ದವು. ಒಳಗೆ ಕೂರಿಸಿ ಕಾಫಿ ಕೊಡಿಸಿದರು. ಒಂದು ಒರಟು ಮಾತೂ ಆಡಲಿಲ್ಲ.

“ಆ ಮನೆ ನಮಗೇ ಇರ್ಲಿ ಕಣಮ್ಮ. ಕೊಬ್ಬರಿ ತುಂಬಕ್ಕೆ ಜಾಗ ಸಾಲ್ತಾ ಇಲ್ಲ” ಅಂದರು. ಕಾಫಿ ಲೋಟವನ್ನು ನನ್ನ ಕಡೆ ಸರಿಸುತ್ತ, “ಬೀದಿ ಅಂದ್ಮೇಲೆ ಒಂದು ಹೊಂದಾಣಿಕೆ ಇರ್ಬೇಕಲ್ವಾ. ನಂದೇನಿಲ್ಲ, ಮನೇಲಿ ದೊಡ್ಡೋರು ಅವ್ರೆ” ಅಂದರು.

ಮಾರುಕಟ್ಟೆ ಹತ್ತಿರದ ಅವರ ಗೋದಾಮು ಅರ್ಧ ಖಾಲಿ ಬಿದ್ದಿರುವುದನ್ನು ನಾನು ಕಂಡಿದ್ದೆ. ನನಗೆ ಅದು ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಕುದುರಿದ ಬೆಲೆಗಿಂತ ಹೆಚ್ಚು ಕೊಡುವುದಾಗಿ, ಸಾಲಗೀಲವಿಲ್ಲದೆ ಒಂದೇ ಗಂಟಿನಲ್ಲಿ ಕೊಡುವುದಾಗಿ ಹೇಳಿದರು. ಮುಂಗಡ ಆಗಿಹೋಗಿದೆ ಸಾಹುಕಾರ್ರೇ ಎಂಬ ಒಂದು ಮಾತು ಅಲ್ಲಿ ಹೇಳಬೇಕಿತ್ತು. ಕೇಳಿ ನೋಡ್ತೀನಿ ಎಂದು ಹೇಳಿ ಎದ್ದೆ. ಬೆಲೆ ಏರಿದಷ್ಟೂ ಎರಡೂ ಕಡೆಯಿಂದ ನನ್ನ ಕಮಿಷನ್ ಏರುತ್ತದೆ ಎಂಬ ಲೆಕ್ಕ ಅವರ ಗೇಟು ದಾಟುವ ಮೊದಲೇ ತಲೆಗೆ ಬಂದಿತ್ತು.

ಮಾರನೆಯ ದಿನ ಟೀಚರು ಕರಾರಿನ ಬಗ್ಗೆ ಕೇಳಿದಾಗ, ಛಾಪಾ ಕಾಗದ ಸಿಗುತ್ತಿಲ್ಲ, ಖಜಾನೆಗೇ ಬಂದಿಲ್ಲವಂತೆ ಎಂದೆ. ಆಗಾಗ ಹಾಗೆ ಆಗುತ್ತಿದ್ದುದರಿಂದ ಅವರು ನಂಬಿದರು. ಬರುವಾಗ ಛಾಪಾ ಕಾಗದ ಮಾರುತ್ತಿದ್ದ ಅಂಗಡಿಯ ಮುಂದೆಯೇ ಹಾದುಬಂದಿದ್ದೆ.

ಹೀಗೆ ಪೈಪೋಟಿ ಶುರುವಾಯಿತು. ಬೇರೊಂದು ಪಾರ್ಟಿ ಬಂದಿದೆ, ಇಷ್ಟು ಹೇಳುತ್ತಿದ್ದಾರೆ ಎಂದು ಬಸ್ ನಿಲ್ದಾಣದಲ್ಲಿ ಕಾದು ಟೀಚರಿಗೆ ಹೇಳಿದೆ. ಅವರು ಒಂದು ದಿನ ಯೋಚಿಸಿ, ಭವಿಷ್ಯನಿಧಿಯಿಂದ ಸಾಲ ತೆಗೆಯುತ್ತೇನೆ ಎಂದು ಬೆಲೆ ಏರಿಸಿದರು. ಸಾಹುಕಾರರು ಅದನ್ನು ದಾಟಿದರು. ಟೀಚರ ಗಂಡ ರೈಲ್ವೆ ಸೊಸೈಟಿಗೆ ಅರ್ಜಿ ಹಾಕಿದರು. ಸಾಹುಕಾರರು ಮತ್ತೆ ದಾಟಿದರು, ಈ ಸಲ ಬೀದಿಯ ಇನ್ನಿಬ್ಬರೂ ಕೈಜೋಡಿಸುತ್ತೇವೆ ಎಂದಿದ್ದಾರೆಂದು ಸೇರಿಸಿದರು. ಅತ್ತಿಂದಿತ್ತ ಮಾತು ಹೊತ್ತವಳು ನಾನೇ. ಮನೆಯೊಡತಿ ಗಿರಣಿಯ ಅಕ್ಕನಿಗೆ ಇದೆಲ್ಲ ಅದೃಷ್ಟದ ಹಾಗೆ ಕಂಡಿತ್ತು. ತನ್ನ ಮನೆಗೆ ಇಷ್ಟು ಬೇಡಿಕೆಯಿದೆ ಎಂದು ಹಿಗ್ಗಿ, ಹೊಲದಲ್ಲಿ ಒಂದು ಕೊಟ್ಟಿಗೆಯನ್ನೂ ಕಟ್ಟಿಸುವ ಮಾತಾಡುತ್ತಿದ್ದರು. ಎದುರುಮನೆಯವರು ಯಾಕೆ ಬೆಲೆ ಏರಿಸುತ್ತಿದ್ದಾರೆಂದು ಅವರಿಗೂ ನಾನು ಹೇಳಿರಲಿಲ್ಲ.

ಮೂರನೆಯ ಸಲ ಬೆಲೆ ಒಯ್ದಾಗ ಟೀಚರು ನನ್ನ ಮುಖವನ್ನೇ ನೋಡುತ್ತ, ಆ ಪಾರ್ಟಿ ಎದುರುಮನೆಯವರಾ ಎಂದು ಕೇಳಿದರು. ಹೌದೆಂದೆ. ಅವರು ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕೂತವರು ತಿರುಗಿ ನೋಡಲಿಲ್ಲ.

ಆ ದಿನವೆಲ್ಲ ಮಿಷನ್ ಮುಂದೆ ಕೂತರೂ ಹೊಲಿಗೆ ಸಾಗಲಿಲ್ಲ. ಒಂದು ಉಪಾಯ ಹೊಳೆಯಿತು. ಹೊಳೆದಾಗ, ಇದರಿಂದ ಎಲ್ಲರಿಗೂ ಒಳ್ಳೆಯದು ಮಾಡಿದ ಹಾಗಾಗುತ್ತದೆ ಎಂದು ಮನಸ್ಸು ಹಗುರವೂ ಆಯಿತು. ಮರುದಿನ ಬಸ್ಸು ಹತ್ತಿ ಹಳೇಬೀಡಿಗೆ ಹೋದೆ. ದೇವಸ್ಥಾನದ ಮುಂದೆ ಪ್ರವಾಸಿಗಳ ಬಸ್ಸುಗಳು ನಿಂತಿದ್ದವು. ಅವುಗಳ ನಡುವೆ ದಾರಿ ಮಾಡಿಕೊಂಡು ಹೈಸ್ಕೂಲು ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಊಟದ ಬಿಡುವು. ಟೀಚರು ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತ ಕಾಂಪೌಂಡಿನ ಬಳಿ ಬಂದರು.

ಕರಾರನ್ನು ನನ್ನ ಹೆಸರಿಗೆ ಬರೆಸೋಣ, ಬೀದಿಯವರು ನಾನೇ ಕೊಳ್ಳುತ್ತಿದ್ದೇನೆ ಎಂದುಕೊಂಡು ಸುಮ್ಮನಾಗುತ್ತಾರೆ, ನೋಂದಣಿಯ ದಿನ ಕ್ರಯಪತ್ರ ನಿಮ್ಮ ಹೆಸರಿಗೆ ಮಾಡಿಸಿಬಿಡೋಣ, ಆಮೇಲೆ ಯಾರೂ ಏನೂ ಮಾಡುವಂತಿಲ್ಲ ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನನ್ನ ಮನೆಗೆ ನಾನು ಕದ್ದು ಹೋಗ್ಬೇಕೇನ್ರೀ?” ಎಂದರು.

ಅವರು ನಿಧಾನವಾಗಿ, ಮಕ್ಕಳಿಗೆ ಪಾಠ ಬಿಡಿಸಿ ಹೇಳುವ ದನಿಯಲ್ಲೇ ಮಾತಾಡಿದರು. ಎರಡು ವರ್ಷ ಬಾಡಿಗೆ ಮನೆಗೆ ಅಲೆದಿದ್ದರಂತೆ. ಬೋರ್ಡು ತೂಗುಹಾಕಿದ ಮನೆಗಳಲ್ಲೂ ಹೆಸರು, ಊರು ಕೇಳಿದ ಮೇಲೆ, ಈಗತಾನೇ ಬೇರೆಯವರಿಗೆ ಒಪ್ಪಿಕೊಂಡೆವು ಅನ್ನುತ್ತಿದ್ದರಂತೆ. ಬಾಡಿಗೆಗಾದರೆ ಮನೆಯವರ ಮರ್ಜಿ, ದುಡ್ಡು ಕೊಟ್ಟು ಕೊಂಡರೆ ಯಾರೂ ಕೇಳಲಾರರು ಎಂದು ಗಂಡ ಹೆಂಡತಿ ಲೆಕ್ಕ ಹಾಕಿದ್ದರು.

“ಇಂಜಿನಿಯರ್ ಕಟ್ಟಿದ ಬೆಲೆ ನನಗೂ ಗೊತ್ತು. ಅದರ ಮೇಲೆ ಒಂದು ಸಲ ಏರಿಸ್ದೆ, ಎರಡು ಸಲ ಏರಿಸ್ದೆ. ಇನ್ನು ಕೊಟ್ರೆ ಅದು ಮನೆಗೆ ಕೊಟ್ಟ ದುಡ್ಡಲ್ಲ, ಆ ಬೀದಿಗೆ ಕಟ್ಟೋ ದಂಡ. ನಾನು ಕಟ್ಟಲ್ಲ. ಮುಂಗಡ ವಾಪಸ್ ಕೊಡಿಸಿಬಿಡಿ” ಎಂದು ಹೇಳಿ, ಗಂಟೆ ಹೊಡೆಯಿತೆಂದು ಒಳಗೆ ಹೋದರು.

ವಾಪಸ್ ಬರುವ ಬಸ್ಸಿನಲ್ಲಿ ನನಗೆ ಆದದ್ದು ನೋವಲ್ಲ, ನಿರಾಳ. ಇನ್ನು ತಕರಾರಿಲ್ಲ, ಸಾಹುಕಾರರಿಗೆ ಮನೆ, ಅಕ್ಕನಿಗೆ ಹಣ, ನನಗೆ ನನ್ನದು ಎಂದು ಯೋಚಿಸುತ್ತಿದ್ದೆ. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ, ಹಾಗೆ ಯೋಚಿಸುತ್ತಿದ್ದೇನೆಂದು ನನಗೇ ಗೊತ್ತಾಗಿ ಮೈಯೆಲ್ಲ ಬಿಸಿಯಾಯಿತು. ಪಕ್ಕದ ಸೀಟಿನ ಹೆಂಗಸು ಹುಷಾರಿಲ್ಲವಾ ಎಂದು ಕೇಳಿದಳು.

ಸಂಜೆ ಸಾಹುಕಾರರ ಮನೆಗೆ ಹೋಗಿ, ಆ ಕಡೆಯವರು ಬಿಟ್ಟರು, ಕರಾರು ಯಾವತ್ತು ಮಾಡೋಣ ಎಂದೆ. ಅವರ ಮುಖದಲ್ಲಿ ಒಂದು ಸಮಾಧಾನ ಕಂಡಿತು. ಈಗೇನು ಅವಸರ, ಆಷಾಢ ಕಳೆಯಲಿ ಎಂದರು. ವಾರ ಬಿಟ್ಟು ಹೋದಾಗ, ಟೀಚರ ಜೊತೆ ಮೊದಲು ಮಾತಾದದ್ದಕ್ಕಿಂತಲೂ ಕಡಿಮೆ ಬೆಲೆ ಹೇಳಿದರು. ಅದಕ್ಕೆ ಅಕ್ಕ ಒಪ್ಪುವುದಿಲ್ಲ ಎಂದೆ. ಹಾಗಾದರೆ ನಮಗೂ ಬೇಡ, ಗೋದಾಮಿನಲ್ಲಿ ಹೇಗೋ ಸುಧಾರಿಸಿಕೊಳ್ಳುತ್ತೇವೆ ಎಂದು ಮುಗಿಸಿದರು. ಕೈಜೋಡಿಸುತ್ತೇವೆ ಎಂದಿದ್ದ ಇನ್ನಿಬ್ಬರು ನನ್ನನ್ನು ಕಂಡರೆ ಬೇರೆ ದಿಕ್ಕು ನೋಡುತ್ತಿದ್ದರು. ಮನೆ ಅವರಲ್ಲಿ ಒಬ್ಬರಿಗೂ ಬೇಕಿರಲಿಲ್ಲ.

ಅಷ್ಟರಲ್ಲಿ ಹಗರೆಯ ಜಮೀನಿನವರು ಅಕ್ಕನ ಅಣ್ಣನಿಗೆ ಕೊನೆಯ ಮಾತು ಹೇಳಿ ಕಳಿಸಿದ್ದರು. ನಾನು ಗಿರಣಿಗೆ ಹೋದೆ. ಬೆಲ್ಟಿನ ಸದ್ದಿನಲ್ಲಿ ನನ್ನ ಮಾತು ಕೇಳಿಸದೆ ಅಕ್ಕ ಮಿಷನ್ನನ್ನೇ ನಿಲ್ಲಿಸಿದರು. ಹಿಟ್ಟು ಹಾರಿ ಬೆಳ್ಳಗಾಗಿದ್ದ ಹುಬ್ಬುಗಳ ಕೆಳಗಿಂದ ನನ್ನನ್ನೇ ನೋಡುತ್ತ ನಿಂತರು. ಟೀಚರು ಯಾರ ಪೈಕಿ, ಸಾಹುಕಾರರು ಯಾಕೆ ಏರಿಸಿದರು, ಕರಾರು ಯಾಕೆ ತಡವಾಯಿತು, ಎಲ್ಲ ಹೇಳಿದೆ. ಕೊನೆಯದನ್ನು ಹೇಳುವಾಗ ನನ್ನ ದನಿ ಬಹಳ ಸಣ್ಣದಾಯಿತು.

“ಹಂಗಾರೆ ಅವ್ರು ಮನೆ ಬೇಕು ಅಂತ ಕೇಳಿದ್ದಲ್ಲ. ಆ ಯಮ್ಮ ಬರ್ಬಾರ್ದು ಅಂತ ಕೇಳಿದ್ದು” ಅಂದರು ಅಕ್ಕ.

ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು ಅವರೇ ಮುಂದುವರಿಸಿದರು.

“ಮೊದ್ಲೇ ಗೊತ್ತಿದ್ರೆ ನಾನೇ ಏನ್ ಮಾಡ್ತಿದ್ನೋ ಗೊತ್ತಿಲ್ಲ ಕಣವ್ವ. ಸುಳ್ ಯಾಕೆ ಹೇಳ್ಲಿ. ಆದ್ರೆ ನೀನು ನಂಗೆ ಹೇಳ್ಬೇಕಿತ್ತು. ವೀಳ್ಯ ಇಸ್ಕೊಂಡೋಳು ನಾನು.”

ಬೇರೆ ಗಿರಾಕಿ ಹುಡುಕೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಆ ಟೀಚರ ಶಾಲೆ ಎಲ್ಲಿ ಐತೆ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗೋಣ ಎಂದು ಅಕ್ಕ ಹೇಳಿದರು. ನನ್ನನ್ನು ಮನೆಯಲ್ಲೇ ಬಿಟ್ಟು ಅವರೊಬ್ಬರೇ ಹೋದರೆ ಎಷ್ಟು ಚೆನ್ನ ಅನ್ನಿಸಿತು. ಆ ಶಾಲೆಯ ಮುಂದೆ ಮತ್ತೆ ಹೋಗಿ ನಿಲ್ಲುವುದು ನನಗೆ ಬೇಕಿರಲಿಲ್ಲ. ಆದರೆ ತಪ್ಪು ಒಪ್ಪಿಕೊಳ್ಳಬೇಕಾದವಳು ನಾನೇ ಎಂಬುದು ಅಷ್ಟು ಹೊತ್ತಿಗೆ ನನಗೂ ತಿಳಿದಿತ್ತು.

ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಹೋಗುತ್ತಿದ್ದರು. ಟೀಚರು ನಮ್ಮಿಬ್ಬರನ್ನೂ ಕಂಡು, ಮೊದಲ ಪಿರಿಯಡ್ ಮುಗಿಸಿ ಬರುತ್ತೇನೆ ಎಂದು ಹೇಳಿ ಕಳಿಸಿದರು. ಕಾದೆವು. ಬಂದಾಗ ಅಕ್ಕ ಪೀಠಿಕೆ ಹಾಕಲಿಲ್ಲ. ಮೊದಲು ಮಾತಾದ ಬೆಲೆಗೇ ಮನೆ ತಗೊಳ್ಳಿ, ಕರಾರು ಇವತ್ತೇ ಬರೆಸೋಣ ಎಂದು ಕೇಳಿಕೊಂಡರು. ಟೀಚರು ನನ್ನ ಕಡೆ ತಿರುಗಿದರು. ಛಾಪಾ ಕಾಗದ ಸಿಗುತ್ತಿಲ್ಲ ಎಂದದ್ದು ಸುಳ್ಳೆಂದು ಒಪ್ಪಿಕೊಂಡೆ. ಸಾಹುಕಾರರ ಮನೆಯ ಕಾಫಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ನಾನು ಏನು ಮಾಡುತ್ತಿದ್ದೇನೆಂದು ಅವರಿಗೆ ಮೊದಲಿನಿಂದಲೂ ತಿಳಿದಿತ್ತೆಂದು ತೋರಿತು.

“ಮನೆ ಬೇಕು. ಬಿಟ್ಟಿದ್ದು ಕೋಪಕ್ಕಲ್ಲ. ಮೊದಲಿನ ಬೆಲೆಗೇ ತಗೊಳ್ತೀನಿ, ಕಡಿಮೆ ಮಾಡಿ ಅಂತಾನೂ ಕೇಳಲ್ಲ” ಎಂದು ಅಕ್ಕನಿಗೆ ಹೇಳಿದರು. ಆಮೇಲೆ ನನಗೆ, “ಆ ಬೀದೀಲಿ ಯಾರು ಕೊಂಡ್ರು ಅಂತ ಕೇಳಿದ್ರೆ ನೀವೇ ಹೇಳ್ಬೇಕು. ಟೀಚರು, ರೈಲ್ವೆಯವರು ಅಂತ ಅಲ್ಲ. ಪೂರ್ತಿ ಹೇಳ್ಬೇಕು” ಎಂದರು.

ಆ ಸಂಜೆ ಪತ್ರ ಬರೆಯುವವರ ಅಂಗಡಿಯಲ್ಲಿ ಕರಾರಿಗೆ ಎರಡೂ ಕಡೆಯವರ ಸಹಿಯಾಯಿತು. ಸಾಕ್ಷಿಯಾಗಿ ನಾನೂ ಸಹಿ ಹಾಕಿದೆ.

ಮಾರನೆಯ ದಿನ ಸಾಹುಕಾರರ ಹೆಂಡತಿ ಹೊಲಿದ ರವಿಕೆ ಒಯ್ಯಲು ಬಂದರು. ಗಿರಣಿಯವರ ಮನೆ ಏನಾಯಿತು ಎಂದು ಸಹಜವಾಗಿ ಕೇಳಿದರು. ಹೇಳುವ ಮೊದಲು ನಾನು ರವಿಕೆಯನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಹಳೇಬೀಡಿನ ಹೈಸ್ಕೂಲ್ ಟೀಚರು ಕೊಂಡರು, ಬೌದ್ಧರು, ಅವರ ಹಿರಿಯರು ಊರಾಚೆ ಕೇರಿಯವರು, ಕರಾರಾಗಿದೆ ಎಂದೆ. ನನ್ನ ಬಾಯಲ್ಲಿ ಆ ಮಾತು ಎಷ್ಟು ತೊಡಕಾಗಿ ಬಂತೆಂದರೆ, ಇಷ್ಟು ವರ್ಷ ಎಲ್ಲರನ್ನೂ ಅಷ್ಟು ಸಲೀಸಾಗಿ ಕೇಳುತ್ತಿದ್ದವಳು ನಾನೇನಾ ಅನ್ನಿಸಿತು. ಅವರು ರವಿಕೆ ತೆಗೆದುಕೊಂಡು, ಕೂಲಿ ಮಿಷನ್ ಮೇಲಿಟ್ಟು ಹೊರಟುಹೋದರು.

ಸಾಹುಕಾರರು ಅದೇ ದಿನ ಗಿರಣಿಗೆ ಹೋಗಿ, ಹಿಂದೆ ಕೂಗಿದ್ದ ದೊಡ್ಡ ಬೆಲೆಯನ್ನೇ ಮತ್ತೆ ಹೇಳಿದರಂತೆ. ಸಹಿ ಹಾಕಿಬಿಟ್ಟಿದ್ದೀನಿ ಸಾಹುಕಾರ್ರೇ ಎಂದು ಅಕ್ಕ ಉತ್ತರ ಕೊಟ್ಟರಂತೆ. ನನಗೆ ಅದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಕ್ಷಣ ಆಸೆ ಇಣುಕಿ ಹೋಯಿತು. ಕಾಗದಕ್ಕೆ ಸಹಿ ಬೀಳದಿದ್ದರೆ ಅವರು ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಅವರನ್ನು ಆ ಆಸೆಗೆ ತಳ್ಳಿದವಳೂ ನಾನೇ.

ಅಂದಿನಿಂದ ಆ ಬೀದಿಯ ರವಿಕೆಗಳು ನನ್ನ ಬಳಿಗೆ ಬರುವುದು ನಿಂತಿತು. ಸಾಲ ಮಂಜೂರಾಗುವ ತನಕ ಬ್ಯಾಂಕು, ವಕೀಲರು, ಪುರಸಭೆ ಎಂದು ಟೀಚರ ಜೊತೆ ಓಡಾಡುವಾಗಲೆಲ್ಲ ಅದನ್ನು ಅವರಿಗೆ ಹೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳಿದರೆ ನನ್ನ ತಪ್ಪಿಗೆ ಅಷ್ಟು ಕಡಿತವಾಗಬಹುದೆಂಬ ಆಸೆ. ಹೇಳಲಿಲ್ಲ. ಅವರೂ ಕೆಲಸದ ಮಾತಿನ ಹೊರತು ಬೇರೆ ಆಡಲಿಲ್ಲ.

ನೋಂದಣಿಯ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಜನವೋ ಜನ. ನಮ್ಮ ಸರದಿ ಬರುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅಕ್ಕ ಸಹಿ ಹಾಕಿ, ಅದರ ಪಕ್ಕ ಹೆಬ್ಬೆಟ್ಟೂ ಒತ್ತಿ, ಶಾಯಿಯನ್ನು ಗೋಡೆಗೆ ಒರೆಸಿ, ಕೀಲಿಗೊಂಚಲನ್ನು ಟೀಚರ ಕೈಗೆ ಕೊಟ್ಟರು. ಹಿತ್ತಲ ಬಾಗಿಲ ಚಿಲಕ ಮಳೆಗಾಲದಲ್ಲಿ ಬಿಗಿಯುತ್ತದೆ, ಮೇಲಕ್ಕೆತ್ತಿ ಎಳೆಯಬೇಕು ಎಂದು ಹೇಳಿಕೊಟ್ಟರು. ಟೀಚರ ಅತ್ತೆ ಅಕ್ಕನ ಎರಡೂ ಕೈ ಹಿಡಿದುಕೊಂಡು ಹಾಲುಕ್ಕಿಸುವ ದಿನ ಬರಬೇಕೆಂದು ಕರೆದರು. ಹಗರೆಯಿಂದ ಬೆಳಿಗ್ಗೆಯ ಬಸ್ಸಿಗೇ ಬತ್ತೀನಿ ಎಂದು ಅಕ್ಕ ಒಪ್ಪಿದರು. ನಾನು ಕಚೇರಿಯ ಮೆಟ್ಟಿಲಿಳಿದು, ಯಾರಿಗೂ ಹೇಳದೆ ಹೊರಡಬೇಕೆಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಟೀಚರು ಹಿಂದೆಯೇ ಬಂದು ಒಂದು ಕವರು ಚಾಚಿದರು.

ನನ್ನ ಕಮಿಷನ್. ಬೇಡ ಟೀಚರೇ ಎಂದೆ. ನಿಜಕ್ಕೂ ಬೇಡವಾಗಿತ್ತು. ಅದನ್ನು ಬೇಡವೆಂದು ಬಿಟ್ಟು ಹೋದರೆ ರಾತ್ರಿ ನಿದ್ದೆಯಾದರೂ ಬಂದೀತು ಎಂದುಕೊಂಡಿದ್ದೆ.

ಅವರು ಕೈ ಹಿಂದೆಗೆಯಲಿಲ್ಲ.

“ತಗೊಳ್ಳಿ. ನೀವು ತಗೊಳ್ಳದೆ ಹೋದ್ರೆ ಈ ಮನೆ ಕೊಡಿಸಿ ನನಗೆ ಉಪಕಾರ ಮಾಡಿದ ಹಾಗಾಗುತ್ತೆ. ನನಗೆ ಯಾರೂ ಉಪಕಾರ ಮಾಡಿಲ್ಲ. ನಾನು ಮನೆ ಕೊಂಡ್ಕೊಂಡೆ, ಅಷ್ಟೇ.”

ಕವರು ತೆಗೆದುಕೊಂಡೆ. ಅವರು ಒಳಗೆ ಹೋಗಿ ತಮ್ಮವರ ಜೊತೆ ನಿಂತರು. ನಾನು ಬಿಸಿಲಿನಲ್ಲಿ ಮನೆಯ ಕಡೆ ನಡೆದೆ.